ಅಂಗೈಯಲ್ಲಿ ಅಡಗುವ ಗೂಳಿ: ಸಿಂಧೂ ಮುದ್ರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧೂ ನಾಗರಿಕತೆಯ ಊರುಗಳಾದ ಹರಪ್ಪ, ಮೊಹೆಂಜೊದಾರೊಗಳಲ್ಲಿ ಸಿಕ್ಕ ಕಲ್ಲಿನ ಮುದ್ರೆಗಳ ಬಗ್ಗೆ ಶಾಲೆಗಳಲ್ಲಿ ಮಾತಾಡಲು ಹೋದಲ್ಲೆಲ್ಲ ಅವೇ ಹತ್ತು ಹದಿನೈದು ಪ್ರಶ್ನೆಗಳು ಎದುರಾಗುತ್ತವೆ. ಕಾಗದದಲ್ಲಿ ಬರುತ್ತವೆ, ವಾಟ್ಸಾಪಿನಲ್ಲಿ ಬರುತ್ತವೆ, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುವವರೂ ಕೇಳಿದ್ದುಂಟು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿಟ್ಟಿದ್ದೇನೆ. ಸುಲಭದವು ಮೊದಲು, ಜಗಳಕ್ಕೆ ಎಳೆಯುವಂಥವು ಆಮೇಲೆ.

## ಮೊದಲ ಭೇಟಿ

ಇವು ನಿಜಕ್ಕೂ ಎಷ್ಟು ದೊಡ್ಡವು? ಪಠ್ಯಪುಸ್ತಕದ ಚಿತ್ರ ನೋಡಿ ಅಂಗೈಯಗಲ ಅಂದುಕೊಂಡಿದ್ದೆ.

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಹೆಚ್ಚಿನವು ಸುಮಾರು 2.5 ಸೆಂ.ಮೀ. ಚೌಕ, ದೊಡ್ಡವು 4 ಸೆಂ.ಮೀ. ಆಸುಪಾಸು. ಕೇರಂ ಕಾಯಿಯನ್ನು ಚೌಕ ಮಾಡಿದರೆ ಎಷ್ಟಾದೀತೋ ಅಷ್ಟು. ಅಷ್ಟು ಜಾಗದಲ್ಲಿ ಗೂಳಿಯ ಕೊರಳಿನ ಮಡಿಕೆ, ಮಂಡಿಯ ಗಂಟು, ಬಾಲದ ಕುಚ್ಚು ಎಲ್ಲ ಬಂದಿವೆ.

ಇನ್ನೊಂದು ಮಾತು. ಚಿತ್ರಗಳಲ್ಲಿ ಮುದ್ರೆಯ ಮುಂಬದಿ ಮಾತ್ರ ಇರುತ್ತದೆ. ತಿರುಗಿಸಿದರೆ ಹಿಂಬದಿಯಲ್ಲಿ ಗುಂಡನೆಯ ಒಂದು ಉಬ್ಬು, ಅದರ ನಡುವೆ ಒಂದು ಗೀರು, ಅಡ್ಡಕ್ಕೆ ಒಂದು ತೂತು. ದಾರ ಪೋಣಿಸಲು ಆ ತೂತು, ಹಿಡಿದು ಒತ್ತಲು ಆ ಉಬ್ಬು. ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಅದನ್ನೇ. ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದ ಸಾಮಾನು ಇದು ಅಂತ ಮನಸ್ಸಿಗೆ ನಾಟುವುದು ಅಲ್ಲೇ.

ಎಷ್ಟು ಹಳೆಯವು?

ಚೌಕ ಮುದ್ರೆಗಳು ಓಡಾಡಿದ ಕಾಲ ಸರಿಸುಮಾರು ಕ್ರಿ.ಪೂ. 2600ರಿಂದ 1900. ಅದಕ್ಕೂ ತುಸು ಮುಂಚಿನ ಒರಟು ಮುದ್ರೆಗಳೂ ಹರಪ್ಪದಲ್ಲಿ ಸಿಕ್ಕಿವೆ.

ಯಾವ ಕಲ್ಲು ಮೇಡಂ? ನಮ್ಮ ಬೇಲೂರು ಹಳೇಬೀಡಿನ ಕಲ್ಲೇ ಅಂತಾರಲ್ಲ?

ಹತ್ತಿರದ ನೆಂಟ, ಅದೇ ಅಲ್ಲ. ಹೊಯ್ಸಳ ಗುಡಿಗಳ ಕಲ್ಲನ್ನೂ ನಾವು ಬಳಪದ ಕಲ್ಲು ಅಂತಲೇ ಕರೆಯುತ್ತೇವೆ. ಆದರೆ ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಕ್ಲೋರೈಟ್ ಶಿಸ್ಟ್. ಮುದ್ರೆಗಳದ್ದು ಸ್ಟಿಯಟೈಟ್, ಅಂದರೆ ಟಾಲ್ಕ್ ಹೆಚ್ಚಿರುವ ಬಳಪದ ಕಲ್ಲು. ಉಗುರಿನಲ್ಲಿ ಗೀರಿದರೂ ಗೆರೆ ಬೀಳುತ್ತದೆ, ಕೈಗೆ ಸೋಪಿನ ಹಾಗೆ ನುಣುಪು. ಹರಪ್ಪ ಊರಿಗೆ ಬಂದ ಇಂಥ ಕಲ್ಲಿನ ಬಹುಪಾಲು ಇಂದಿನ ಉತ್ತರ ಪಾಕಿಸ್ತಾನದ ಹಜಾರಾ ಸೀಮೆಯದು.

ಮೆದು ಕಲ್ಲಿನಲ್ಲಿ ಕೆತ್ತಿದ್ದು 4000 ವರ್ಷ ಹೇಗೆ ಉಳಿಯಿತು ಅನ್ನುವುದು ನ್ಯಾಯವಾದ ಅನುಮಾನ. ಕೆತ್ತಿ ಮುಗಿಸಿದ ಮೇಲೆ ಅದನ್ನು ಸುಡುತ್ತಿದ್ದರು. ಸಾವಿರ ಡಿಗ್ರಿಯ ಹತ್ತಿರ ಕಾಯಿಸಿದಾಗ ಕಲ್ಲಿನೊಳಗಿನ ನೀರಿನ ಅಂಶ ಹೋಗಿ ಅದು ಬೇರೆಯೇ ಖನಿಜವಾಗುತ್ತದೆ. ಬಣ್ಣ ಬಿಳಿಚುತ್ತದೆ, ಆಮೇಲೆ ಉಗುರಲ್ಲ, ಮೊಳೆಯೂ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ಇದು ನಾಣ್ಯವೇ? ತಾಯಿತವೇ? ಆಟದ ಸಾಮಾನೇ?

ನಾಣ್ಯ ಖಂಡಿತ ಅಲ್ಲ. ಈ ನೆಲದಲ್ಲಿ ನಾಣ್ಯ ಬಂದದ್ದು ಇದಾಗಿ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಮುದ್ರೆಯ ಮುಖ್ಯ ಕೆಲಸ ಹಸಿ ಜೇಡಿಮಣ್ಣಿನ ಮೇಲೆ ಗುರುತು ಒತ್ತುವುದು. ಶಿವಮೊಗ್ಗದ ಅಡಿಕೆ ಮಂಡಿಗೆ ಹೋದವರು ನೋಡಿರುತ್ತೀರಿ, ಯಾರ ಚೀಲ ಅಂತ ಗೋಣಿಯ ಮೇಲೆ ಬಣ್ಣದಲ್ಲಿ ಗುರುತು ಹಾಕಿರುತ್ತಾರೆ. ಇಲ್ಲಿ ಗಂಟಿನ ಹಗ್ಗದ ಮೇಲೆ ಮಣ್ಣಿನ ಮುದ್ದೆ ಮೆತ್ತಿ, ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಮಣ್ಣು ಒಡೆಯದೆ ಗಂಟು ಬಿಚ್ಚಲಾಗದು.

ಕೊರಳಿಗೆ ಕಟ್ಟಿಕೊಂಡಾಗ ರಕ್ಷೆ ಅನ್ನುವ ಭಾವನೆಯೂ ಇದ್ದಿರಬಹುದು. ಒಂದು ಕೆಲಸಕ್ಕೆ ಮಾಡಿದ್ದು ಇನ್ನೊಂದಕ್ಕೆ ಆಗಬಾರದು ಅಂತ ಏನಿಲ್ಲ. ಮನೆಯ ಬೀಗದ ಕೈಗೊಂಚಲಿಗೂ ನಾವು ದೇವರ ಬಿಲ್ಲೆ ಸಿಕ್ಕಿಸುತ್ತೇವಲ್ಲ.

ಯಾವ ಯಾವ ಪ್ರಾಣಿಗಳಿವೆ? ಹಸು ಇದೆಯಾ?

ಹಸು ಇಲ್ಲ! ಮಕ್ಕಳಿಗೆ ಇದನ್ನು ಹೇಳಿದಾಗ ಯಾವಾಗಲೂ ಒಂದು ಗುಲ್ಲು ಏಳುತ್ತದೆ. ಡುಬ್ಬದ ಗೂಳಿ ಇದೆ, ತಲೆ ತಗ್ಗಿಸಿ ನಿಂತ ಕಾಟಿಯಂಥ ಕುಳ್ಳ ಕೊಂಬಿನ ಗೂಳಿ ಇದೆ, ಆನೆ, ಹುಲಿ, ಘೇಂಡಾಮೃಗ, ನೀರೆಮ್ಮೆಯ ಕೋಣ, ಸುರುಳಿ ಕೊಂಬಿನ ಕಾಡು ಮೇಕೆ, ಉದ್ದ ಮೂತಿಯ ಮೊಸಳೆ ಎಲ್ಲ ಇವೆ. ಹೈನು ಕೊಡುವ ಹಸುವಿಗೆ ಮಾತ್ರ ಜಾಗವಿಲ್ಲ. ಕುದುರೆಯೂ ಇಲ್ಲ, ಸಿಂಹವೂ ಇಲ್ಲ.

ಡುಬ್ಬದ ಗೂಳಿ ಎಷ್ಟು ಸೊಗಸಾಗಿದೆಯೆಂದರೆ ಪುಸ್ತಕಗಳ ಮುಖಪುಟಕ್ಕೆಲ್ಲ ಅದೇ. ಹಾಗಾಗಿ ಅದೇ ಹೆಚ್ಚು ಸಿಕ್ಕಿದೆ ಅಂತ ಜನ ತಿಳಿದಿದ್ದಾರೆ. ನಿಜಕ್ಕೂ ಅದು ವಿರಳ. ಅರ್ಧಕ್ಕಿಂತ ಹೆಚ್ಚು ಮುದ್ರೆಗಳಲ್ಲಿರುವುದು ಒಂಟಿ ಕೊಂಬಿನ ಪ್ರಾಣಿ. ಅದರ ಮಾತು ಮುಂದೆ ಬರುತ್ತದೆ.

ಘೇಂಡಾಮೃಗ ನೋಡಿ ಕೆಲವರು ಹುಬ್ಬೇರಿಸುತ್ತಾರೆ. ಕಲ್ಪನೆಯದಲ್ಲ, ಗುಜರಾತಿನ ಹರಪ್ಪ ನೆಲೆಗಳಲ್ಲಿ ಅದರ ಮೂಳೆಗಳೇ ಸಿಕ್ಕಿವೆ. ಅದರ ಚರ್ಮದ ಮಡಿಕೆಗಳನ್ನು ಕೆತ್ತಿದ ರೀತಿ ನೋಡಿದರೆ ಕೆತ್ತಿದವನು ಹತ್ತಿರದಿಂದ ಕಂಡಿದ್ದ ಅನಿಸುತ್ತದೆ.

ಮೊದಲ ಮುದ್ರೆ ಯಾರಿಗೆ ಸಿಕ್ಕಿತು?

ಮೇಜರ್ ಕ್ಲಾರ್ಕ್ ಎಂಬ ಸೇನಾಧಿಕಾರಿಗೆ, ಹರಪ್ಪದಲ್ಲಿ. ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅದರ ಚಿತ್ರವನ್ನು 1875ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿರುವುದು ಡುಬ್ಬವಿಲ್ಲದ ಎತ್ತು, ಬರಹ ಗೊತ್ತಿರುವ ಯಾವ ಭಾರತೀಯ ಲಿಪಿಯೂ ಅಲ್ಲ, ಆದ್ದರಿಂದ ಇದು ಹೊರಗಿನ ಮಾಲು ಅಂತ ತೀರ್ಮಾನಿಸಿಬಿಟ್ಟರು. ಆ ದಿಬ್ಬದ ಇಟ್ಟಿಗೆಗಳನ್ನು ಅಷ್ಟು ಹೊತ್ತಿಗೆ ಲಾಹೋರ್–ಮುಲ್ತಾನ್ ರೈಲು ಹಾದಿಗೆ ಜಲ್ಲಿಯಾಗಿ ಹೊತ್ತೊಯ್ದಿದ್ದರು.

ಅದಾಗಿ ಸುಮಾರು ಐವತ್ತು ವರ್ಷ ಸುಮ್ಮನೆ ಹೋಯಿತು. 1921ರಲ್ಲಿ ದಯಾರಾಮ್ ಸಾಹ್ನಿ ಹರಪ್ಪದಲ್ಲಿ, ಅದರ ಬೆನ್ನಿಗೇ ರಾಖಾಲದಾಸ್ ಬ್ಯಾನರ್ಜಿ ಮೊಹೆಂಜೊದಾರೊದಲ್ಲಿ ಅಗೆದರು. 1924ರ ಸೆಪ್ಟೆಂಬರ್ 20ರಂದು ಆ ಇಲಾಖೆಯ ಆಗಿನ ಮುಖ್ಯಸ್ಥ ಜಾನ್ ಮಾರ್ಷಲ್ ಲಂಡನ್ನಿನ ಒಂದು ಸಚಿತ್ರ ವಾರಪತ್ರಿಕೆಯಲ್ಲಿ ಚಿತ್ರ ಸಮೇತ ಸುದ್ದಿ ಹಾಕಿ, ಇದು ಯಾವ ಕಾಲದ್ದೋ ತಿಳಿಯದು ಅಂದರು. ವಾರ ಕಳೆಯುವಷ್ಟರಲ್ಲಿ ಮೆಸೊಪೊಟೇಮಿಯಾ, ಅಂದರೆ ಇಂದಿನ ಇರಾಕ್ ಸೀಮೆಯ ಇತಿಹಾಸ ಬಲ್ಲವರು ಇಂಥವೇ ನಮ್ಮ ಕಡೆಯೂ ಸಿಕ್ಕಿವೆ ಅಂತ ಬರೆದರು. ಆ ನಾಗರಿಕತೆಯ ವಯಸ್ಸು ಒಂದೇ ಏಟಿಗೆ ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದೆ ಸರಿದದ್ದು ಈ ಪುಟ್ಟ ಕಲ್ಲುಗಳಿಂದ.

## ಸ್ವಲ್ಪ ಒಳಹೊಕ್ಕು

ಇಷ್ಟು ಸಣ್ಣದನ್ನು ಕೆತ್ತಿದ್ದು ಹೇಗೆ? ಮನೆಯಲ್ಲಿ ಮಾಡಿ ನೋಡಬಹುದಾ?

ಮಾಡಬಹುದು, ನಾನೂ ಮಾಡಿದ್ದೇನೆ, ನಾಚಿಕೆಪಡುವಷ್ಟು ಕೆಟ್ಟದಾಗಿ.

ಅವರ ಕ್ರಮ ಇಷ್ಟು. ಕಲ್ಲನ್ನು ಗರಗಸದಿಂದ ಚೌಕ ಬಿಲ್ಲೆಯಾಗಿ ಕೊಯ್ಯುವುದು. ಹಿಂಬದಿಯಲ್ಲಿ ಸುತ್ತ ಕೆತ್ತಿ ತೆಗೆದು ನಡುವಿನ ಉಬ್ಬನ್ನು ಉಳಿಸಿಕೊಳ್ಳುವುದು. ಉಬ್ಬಿಗೆ ಎರಡೂ ಪಕ್ಕದಿಂದ ಕೊರೆದು ನಡುವೆ ತೂತು ಸೇರಿಸುವುದು. ಮುಂಬದಿಯನ್ನು ಉಜ್ಜಿ ನುಣುಪು ಮಾಡಿ ತಾಮ್ರ ಅಥವಾ ಕಂಚಿನ ಚೂಪಾದ ಉಳಿಯಿಂದ ಪ್ರಾಣಿ, ಅಕ್ಷರ ಕೆತ್ತುವುದು. ಮೇಲೆ ಕ್ಷಾರದ ತೆಳು ಲೇಪ ಕೊಟ್ಟು ಸುಡುವುದು.

ನಾನು ತೆಗೆದುಕೊಂಡದ್ದು ಶಿಲ್ಪಿಯೊಬ್ಬರ ಅಂಗಳದಲ್ಲಿ ಬಿದ್ದಿದ್ದ ಬಳಪದ ಕಲ್ಲಿನ ಚೂರು, ಹ್ಯಾಕ್ಸಾ ಬ್ಲೇಡು, ಮಗನ ಜಾಮೆಟ್ರಿ ಬಾಕ್ಸಿನ ಕೈವಾರದ ಮುಳ್ಳು. ಚೌಕ ಕೊಯ್ಯಲು ಅರ್ಧ ಗಂಟೆ. ಉಬ್ಬಿಗೆ ತೂತು ಹಾಕುವಾಗ ಅದು ಪಟ್ಟಂತ ಅರ್ಧಕ್ಕೆ ಸೀಳಿತು. ಇನ್ನೊಂದು ಚೂರು ತೆಗೆದುಕೊಂಡೆ, ಅದೂ ಅಲ್ಲೇ ಒಡೆಯಿತು. ಮೂರನೆಯದಕ್ಕೆ ಉಬ್ಬಿನ ಆಸೆ ಬಿಟ್ಟೆ. ಆಮೇಲೆ ಓದಿದಾಗ ಸಮಾಧಾನವಾಯಿತು. ಹರಪ್ಪದವರಿಗೂ ಅದೇ ತಲೆನೋವು, ಉಬ್ಬು ಮುರಿದ ಮುದ್ರೆಗಳು ಬೇಕಾದಷ್ಟು ಸಿಕ್ಕಿವೆ. ಕೊನೆಕೊನೆಗೆ ಉದ್ದನೆಯ ಆಯತಾಕಾರದ ಮುದ್ರೆ ಮಾಡಿ, ಬೆನ್ನನ್ನೇ ಕಮಾನಿನ ಹಾಗೆ ಉಬ್ಬಿಸಿ, ಕಲ್ಲಿನ ಮೈಯೊಳಗೇ ತೂತು ಕೊರೆಯತೊಡಗಿದರು. ಅವುಗಳಲ್ಲಿ ಪ್ರಾಣಿಯಿಲ್ಲ, ಬರೀ ಬರಹ.

ಇನ್ನು ಚಿತ್ರ. ಮುದ್ರೆಯಲ್ಲಿ ಆಳವಾದದ್ದು ಅಚ್ಚಿನಲ್ಲಿ ಎತ್ತರವಾಗುತ್ತದೆ. ಹಾಗಾಗಿ ಗೂಳಿಯ ಭುಜ ಉಬ್ಬಿ ಕಾಣಬೇಕಾದರೆ ಅಲ್ಲೇ ಹೆಚ್ಚು ತೋಡಬೇಕು. ಕೈ ಒಂದು ಮಾಡುತ್ತಿದ್ದರೆ ತಲೆ ಅದರ ತದ್ವಿರುದ್ಧ ಲೆಕ್ಕ ಹಾಕಬೇಕು. ನಾನು ಎಲ್ಲ ಕಡೆ ಒಂದೇ ಆಳ ತೋಡಿದೆ. ಗಣಪತಿ ಮಾಡುವ ಮಣ್ಣಿನಲ್ಲಿ ಒತ್ತಿದಾಗ ಗೂಳಿ ಚಪಾತಿಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಮಣ್ಣು ತುಸು ಹೆಚ್ಚು ಹಸಿಯಿದ್ದರೆ ಕಲ್ಲಿಗೇ ಅಂಟಿಕೊಂಡು ಬರುತ್ತದೆ, ತುಸು ಒಣಗಿದರೆ ಗೆರೆ ಮೂಡುವುದಿಲ್ಲ. ಆ ಹದ ಸಿಗುವ ಹೊತ್ತಿಗೆ ಸಂಜೆಯಾಗಿತ್ತು.

ಒಂದು ಪುಸ್ತಕದಲ್ಲಿ ಪ್ರಾಣಿ ಎಡಕ್ಕೆ ನೋಡುತ್ತೆ, ಇನ್ನೊಂದರಲ್ಲಿ ಬಲಕ್ಕೆ. ಯಾವುದು ತಪ್ಪು?

ಎರಡೂ ಸರಿ. ಒಂದು ಕಲ್ಲಿನ ಫೋಟೋ, ಇನ್ನೊಂದು ಅದನ್ನು ಮಣ್ಣಿಗೋ ಪ್ಲಾಸ್ಟರಿಗೋ ಒತ್ತಿ ತೆಗೆದ ಅಚ್ಚಿನ ಫೋಟೋ. ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗುತ್ತದೆ. ಯಾವುದರ ಚಿತ್ರ ಅಂತ ಅಡಿಬರಹದಲ್ಲಿ ಹಾಕದೆ ಬಿಡುವುದು ಪ್ರಕಾಶಕರ ಹಳೆಯ ಚಾಳಿ. ಲಿಪಿಯ ಬಗ್ಗೆ ವಾದಕ್ಕಿಳಿಯುವವರು ಮೊದಲು ಇದನ್ನು ಖಚಿತ ಮಾಡಿಕೊಳ್ಳಬೇಕು.

ಒಂಟಿ ಕೊಂಬಿನ ಪ್ರಾಣಿ ನಿಜವಾಗಿ ಇತ್ತಾ? ಪಕ್ಕದಿಂದ ನೋಡಿದ್ದಕ್ಕೆ ಒಂದೇ ಕೊಂಬು ಕಂಡಿರಬಹುದಲ್ಲ?

ಒಳ್ಳೆಯ ತರ್ಕ, ತುಂಬ ವಿದ್ವಾಂಸರೂ ಹಾಗೇ ವಾದಿಸಿದ್ದರು. ಎರಡು ವಿಷಯ ಅಡ್ಡ ಬರುತ್ತವೆ. ಅದೇ ಕೆತ್ತನೆಗಾರರು ಡುಬ್ಬದ ಗೂಳಿಯನ್ನು ಪಕ್ಕದಿಂದ ತೋರಿಸುವಾಗಲೂ ಎರಡು ಕೊಂಬು ಬಿಡಿಸಿದ್ದಾರೆ. ಮತ್ತೆ, ಒಂದೇ ಕೊಂಬಿನ ಸಣ್ಣ ಸುಟ್ಟಮಣ್ಣಿನ ಬೊಂಬೆಗಳು ಸಿಕ್ಕಿವೆ. ಬೊಂಬೆಯಲ್ಲಿ ಪಕ್ಕದ ನೋಟದ ನೆಪ ನಡೆಯುವುದಿಲ್ಲ. ಕಾಡಿನಲ್ಲಿ ಅದು ಇರಲಿಲ್ಲ, ಅವರ ಮನಸ್ಸಿನಲ್ಲಿ ಇತ್ತು. ನಮ್ಮ ಗುಡಿಗಳ ಯಾಳಿ, ಗಂಡಭೇರುಂಡ ಎಲ್ಲಿದ್ದವು ಹೇಳಿ?

ಅದರ ಮೂತಿಯ ಕೆಳಗೆ ಒಂದು ಕಂಬ, ಕಂಬದ ಮೇಲೆ ಬಟ್ಟಲಿನಂಥದ್ದು, ಅದರ ಮೇಲೆ ಜಾಲರಿಯಂಥದ್ದು ಇರುತ್ತದೆ. ಧೂಪದಾನಿ ಅಂದವರಿದ್ದಾರೆ, ಸೋಮರಸ ಸೋಸುವ ಸಾಧನ ಅಂದವರಿದ್ದಾರೆ, ಪಂಜರ ಅಂದವರೂ ಇದ್ದಾರೆ. ಮೇವಿನ ಬಾನಿ ಅಂತೂ ಅಲ್ಲ, ಏಕೆಂದರೆ ಮೇವಿನ ಬಾನಿಯನ್ನು ಅವರು ಬೇರೆ ಪ್ರಾಣಿಗಳ ಮುಂದೆ ಬೇರೆಯಾಗಿಯೇ ಕೆತ್ತಿದ್ದಾರೆ. ತಮಾಷೆಯೆಂದರೆ ಕಾಡಿನ ಹುಲಿ, ಘೇಂಡಾಮೃಗಗಳ ಮುಂದೆಯೂ ಬಾನಿ ಇಟ್ಟಿರುವುದುಂಟು.

ಪ್ರಾಣಿ ಅಂದ್ರೆ ಕುಲದ ಗುರುತಾ?

ಹಾಗೆ ನಂಬುವವರು ಹೆಚ್ಚು, ನಾನೂ ಆ ಕಡೆಗೇ ವಾಲುತ್ತೇನೆ. ಕಾರಣ ಸರಳ. ಪ್ರಾಣಿಯ ಮೇಲ್ಗಡೆಯ ಬರಹ ಮುದ್ರೆಯಿಂದ ಮುದ್ರೆಗೆ ಬದಲಾಗುತ್ತದೆ, ಪ್ರಾಣಿ ಕೆಲವೇ ಕೆಲವು. ಮೇಲಿನದು ವ್ಯಕ್ತಿಯದೋ ಹುದ್ದೆಯದೋ ಹೆಸರು, ಕೆಳಗಿನದು ಅವನು ಸೇರಿದ ಗುಂಪು ಅಂತ ಓದಿದರೆ ಹೊಂದುತ್ತದೆ. ನಮ್ಮಲ್ಲಿ ಪ್ರಾಣಿ, ಮರಗಳ ಹೆಸರು ಹೊತ್ತ, ಬಳಿ, ಬೆಡಗು ಅಂತ ಕರೆಯುವ ಕುಲದ ಒಳಗುಂಪುಗಳಿವೆ. ಚಾಲುಕ್ಯರ ತಾಮ್ರಪಟದ ಬಳೆಗೆ ವರಾಹದ ಮುದ್ರೆ ಬೀಳುತ್ತಿತ್ತು. ಅಲ್ಲಿಂದ ಇಲ್ಲಿಗೆ ನೇರ ದಾರಿ ಎಳೆಯಬೇಡಿ. ನಡುವೆ 2000 ವರ್ಷಕ್ಕೂ ಮಿಕ್ಕಿದ ಅಂತರವಿದೆ. ಪ್ರಾಣಿಯೊಂದು ಮನೆತನದ ಪರವಾಗಿ ನಿಲ್ಲುವುದು ನಮಗೆ ಅಪರಿಚಿತವಲ್ಲ ಅಂತಷ್ಟೇ ನನ್ನ ಮಾತು.

ಒಂಟಿ ಕೊಂಬಿನದು ವ್ಯಾಪಾರಿಗಳ ದೊಡ್ಡ ಬಳಗದ ಗುರುತು ಎಂಬ ಊಹೆಯೂ ಇದೆ. ಎಲ್ಲ ದೊಡ್ಡ ಊರುಗಳಲ್ಲೂ ಅದೇ ಹೆಚ್ಚು ಸಿಗುವುದು ಅದಕ್ಕೆ ಆಧಾರ.

ಪಶುಪತಿ ಮುದ್ರೆಯಲ್ಲಿರುವುದು ಶಿವನೇ ತಾನೇ?

1928–29ರಲ್ಲಿ ಮೊಹೆಂಜೊದಾರೊದಲ್ಲಿ ಸಿಕ್ಕ ಮುದ್ರೆ ಅದು. ಅಗಲ ಮೂರೂವರೆ ಸೆಂ.ಮೀ.ಗಿಂತ ತುಸು ಹೆಚ್ಚು. ಪೀಠದ ಮೇಲೆ ಹಿಮ್ಮಡಿ ಸೇರಿಸಿ ಕುಳಿತ ಆಕೃತಿ, ತಲೆಯ ಮೇಲೆ ದೊಡ್ಡ ಕೊಂಬು, ತೋಳ ತುಂಬ ಬಳೆ, ಸುತ್ತ ಆನೆ, ಹುಲಿ, ಘೇಂಡಾಮೃಗ, ಕೋಣ, ಪೀಠದಡಿ ಜಿಂಕೆಯಂಥವು. ಮಾರ್ಷಲ್ ಇದರಲ್ಲಿ ಮೂರು ಮುಖ, ಯೋಗಾಸನ, ತ್ರಿಶೂಲದಂಥ ಕೊಂಬು, ಪಶುಗಳ ಒಡೆತನ ಕಂಡು ಶಿವನ ಮೂಲರೂಪ ಅಂದರು. ಹೆಸರು ಅಂಟಿಕೊಂಡಿತು.

ಆಕ್ಷೇಪಗಳೂ ಗಟ್ಟಿಯಾಗಿವೆ. ಕೊಂಬು ಸ್ಪಷ್ಟವಾಗಿ ಕೋಣನದು. ವೇದಗಳಲ್ಲಿ ಪಶುಪತಿಯೆಂದರೆ ಸಾಕಿದ ದನಕರುಗಳ ಒಡೆಯ, ಇಲ್ಲಿರುವುದು ಕಾಡುಮೃಗಗಳು. ಪಕ್ಕದ ಮುಖಗಳೆಂದು ಹೇಳುವುದು ಕೋಣನ ಕಿವಿಗಳೋ ಏನೋ. ಮೇಲಿನ ಬರಹ ಓದಲಾಗದೆ ಹೆಸರಿಡುವುದೆಂದರೆ ಫೋಟೋ ನೋಡಿ ಗೋತ್ರ ಹೇಳಿದ ಹಾಗೆ. ದೇವರೋ ದೇವರಿಗೆ ಸಮನಾದವರೋ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ, ಶಿವನೇ ಅನ್ನಲು ಸಾಕ್ಷ್ಯ ಸಾಲದು. ಇದನ್ನು ಹೇಳಿದ್ದಕ್ಕೆ ಬೈಸಿಕೊಂಡೂ ಇದ್ದೇನೆ.

## ಜಗಳಕ್ಕೆ ಎಳೆಯುವಂಥವು

ಮುದ್ರೆ ಒತ್ತಿದ ಮಣ್ಣು ಎಲ್ಲಾದರೂ ಸಿಕ್ಕಿದೆಯಾ, ಅಥವಾ ಇದೂ ಊಹೆಯಾ?

ಸಿಕ್ಕಿದೆ, ಆದರೆ ಸಾವಿರಾರು ಮುದ್ರೆಗಳ ಎದುರು ಅಚ್ಚುಗಳ ಸಂಖ್ಯೆ ತೀರಾ ಕಡಿಮೆ. ಹಸಿ ಮಣ್ಣು ಒಂದು ಮಳೆಗೆ ಕರಗಿಹೋಗುತ್ತದೆ. ಉಳಿಯಬೇಕಾದರೆ ಬೆಂಕಿ ಬೀಳಬೇಕು. ಗುಜರಾತಿನ ಲೋಥಲ್‌ನಲ್ಲಿ ಹಾಗೇ ಆಯಿತು. ಅಲ್ಲಿನ ಉಗ್ರಾಣ ಸುಟ್ಟು ಸರಕು ಬೂದಿಯಾಯಿತು, ಅದಕ್ಕೆ ಕಟ್ಟಿದ್ದ ಮಣ್ಣಿನ ಮುದ್ದೆಗಳು ಬೆಂದು ಗಟ್ಟಿಯಾದವು. ಅಂಥವು 60ಕ್ಕೂ ಹೆಚ್ಚು ಸಿಕ್ಕಿವೆ. ಮುಂಬದಿಯಲ್ಲಿ ಒಂಟಿ ಕೊಂಬು, ಆನೆ. ಹಿಂಬದಿಯಲ್ಲಿ ನೇಯ್ದ ಬಟ್ಟೆ, ಚಾಪೆ, ಹುರಿ ಹಗ್ಗದ ಗುರುತು. ಕೆಲವದರ ಮೇಲೆ ಒಂದಕ್ಕಿಂತ ಹೆಚ್ಚು ಮುದ್ರೆ ಒತ್ತಿದ್ದಾರೆ, ಇಬ್ಬರು ಮೂವರ ರುಜು ಬೇಕಾದ ಕಾಗದದ ಹಾಗೆ. ಮುದ್ರೆ ಏನು ಮಾಡುತ್ತಿತ್ತು ಅನ್ನುವ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಇಲ್ಲ.

1955ರಿಂದ ಲೋಥಲ್ ಅಗೆದವರು ನಮ್ಮ ಶಿವಮೊಗ್ಗ ಸೀಮೆಯ ಶಿಕಾರಿಪುರ ರಂಗನಾಥ ರಾವ್, ಎಸ್. ಆರ್. ರಾವ್ ಅಂತ ಪ್ರಸಿದ್ಧರು. ಮುಂದೆ ದ್ವಾರಕೆಯ ಕಡಲೊಳಗೂ ಹುಡುಕಿದರು. ಸಿಂಧೂ ಲಿಪಿಯನ್ನು ಓದಿದ್ದೇನೆ ಎಂಬ ಅವರ ವಾದವನ್ನು ವಿದ್ವತ್ ಲೋಕ ಒಪ್ಪಲಿಲ್ಲ. ಲೋಥಲ್‌ನ ಅಗೆತದ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ.

ಇರಾಕಿನಲ್ಲಿ ನಮ್ಮ ಮುದ್ರೆ ಹೇಗೆ ಸಿಕ್ಕಿತು?

ವ್ಯಾಪಾರಿಗಳ ಜೊತೆ ಹೋಯಿತು. ಉರ್, ಕಿಶ್ ಮುಂತಾದ ಕಡೆ ಸಿಕ್ಕ ಸಿಂಧೂ ಬಗೆಯ ಮುದ್ರೆಗಳು ಚರ್ಚೆಯಾಗಿ ತೊಂಬತ್ತು ವರ್ಷ ದಾಟಿತು. ಆ ಸೀಮೆಯ ಅಕ್ಕಾಡಿನ ರಾಜ ಸಾರ್ಗೋನ್ ಮೆಲುಹ್ಹ, ಮಗಾನ್ (ಇಂದಿನ ಒಮಾನ್ ಕಡೆ), ದಿಲ್ಮುನ್ (ಇಂದಿನ ಬಹರೇನ್ ಕಡೆ) ನಾಡುಗಳ ಹಡಗು ತನ್ನ ಕಟ್ಟೆಗೆ ಬಂದು ನಿಲ್ಲುತ್ತವೆ ಅಂತ ಹೆಮ್ಮೆಯಿಂದ ಬರೆಸಿದ್ದಾನೆ. ಮೆಲುಹ್ಹ ಅಂದರೆ ಸಿಂಧೂ ಸೀಮೆ ಎಂಬುದು ಹೆಚ್ಚಿನವರ ಒಮ್ಮತ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಶು-ಇಲಿಶು ಎಂಬವನ ಉರುಳೆ ಮುದ್ರೆಯಿದೆ. ಅವನ ಉದ್ಯೋಗ ಮೆಲುಹ್ಹ ಭಾಷೆಯ ದುಭಾಷಿ ಅಂತ ಅದರಲ್ಲೇ ಬರೆದಿದೆ. ಅವನೊಬ್ಬ ಒಂದು ಪುಟ್ಟ ಪದಪಟ್ಟಿ ಬರೆದಿಟ್ಟಿದ್ದರೆ!

ಪರ್ಷಿಯಾ ಕೊಲ್ಲಿಯ ಕಡೆಯ ಮುದ್ರೆಗಳು ದುಂಡಗಿರುತ್ತವೆ. ಅವುಗಳಲ್ಲಿ ಕೆಲವದರ ಮೇಲೆ ಕುಳ್ಳ ಕೊಂಬಿನ ಗೂಳಿ, ಸಿಂಧೂ ಚಿಹ್ನೆಗಳು ಎರಡೂ ಇವೆ. ಆದರೆ ಚಿಹ್ನೆಗಳ ಜೋಡಣೆ ಇಲ್ಲಿಯ ರೂಢಿಯದಲ್ಲ. ನಮ್ಮವರು ಅಲ್ಲಿ ನೆಲೆಸಿ, ಅಲ್ಲಿಯ ಮಾತಿನ ಹೆಸರುಗಳನ್ನು ಇಲ್ಲಿಯ ಲಿಪಿಯಲ್ಲಿ ಬರೆದರೋ ಅನಿಸುತ್ತದೆ.

ಲಿಪಿ ಓದಿ ಆಯ್ತಂತಲ್ಲ? ಹಳಗನ್ನಡವೇ ಅಂತ ಯಾರೋ ವಿಡಿಯೊ ಹಾಕಿದ್ದಾರೆ.

ಓದಿ ಆಗಿಲ್ಲ. ವಿಡಿಯೊಗಳು ವರ್ಷಕ್ಕೆ ನಾಲ್ಕಾದರೂ ಬರುತ್ತವೆ. ಒಂದರಲ್ಲಿ ಸಂಸ್ಕೃತ, ಒಂದರಲ್ಲಿ ತಮಿಳು, ಒಂದರಲ್ಲಿ ಕನ್ನಡ. ಒಂದೇ ಮುದ್ರೆ ಮೂರೂ ಭಾಷೆಯಲ್ಲಿ ಸೊಗಸಾಗಿ ಅರ್ಥ ಕೊಡುತ್ತದೆ, ಅದೇ ತೊಂದರೆ.

ಕಷ್ಟ ಎಲ್ಲಿದೆ ಅಂದರೆ, ಬರಹಗಳು ತೀರಾ ಚಿಕ್ಕವು. ಸರಾಸರಿ ಐದು ಚಿಹ್ನೆ, ಒಂದೇ ಮುಖದಲ್ಲಿರುವ ಅತಿ ಉದ್ದದ್ದರಲ್ಲೂ 17. ಗೊತ್ತಿರುವ ಭಾಷೆಯ ಜೊತೆ ಪಕ್ಕಪಕ್ಕ ಬರೆದ ಒಂದೂ ಶಾಸನ ಸಿಕ್ಕಿಲ್ಲ. ಲಿಪಿತಜ್ಞ ಐರಾವತಂ ಮಹಾದೇವನ್ 1977ರ ತಮ್ಮ ಪಟ್ಟಿಯಲ್ಲಿ 417 ಚಿಹ್ನೆ ಎಣಿಸಿದರು. ಅಕ್ಷರಮಾಲೆಗೆ ಅದು ತುಂಬ ಹೆಚ್ಚು, ಚೀನೀ ಬಗೆಯ ಪದಲಿಪಿಗೆ ಕಡಿಮೆ. ಬರೆದ ದಿಕ್ಕು ಮಾತ್ರ ಬಹುತೇಕ ತೀರ್ಮಾನವಾಗಿದೆ. ಅಚ್ಚಿನಲ್ಲಿ ಬಲದಿಂದ ಎಡಕ್ಕೆ. ಎಡ ತುದಿಯಲ್ಲಿ ಜಾಗ ಸಾಲದೆ ಚಿಹ್ನೆಗಳನ್ನು ಒತ್ತೊತ್ತಾಗಿ ತುರುಕಿದ್ದು ಕಾಣುತ್ತದೆ, ಪೋಸ್ಟ್ ಕಾರ್ಡಿನ ಕೊನೆಯ ಸಾಲಿನ ಹಾಗೆ.

ದ್ರಾವಿಡ ಎಂಬ ವಾದಕ್ಕೆ ತೂಕವಿದೆ. ಮೀನಿನ ಚಿಹ್ನೆಯ ಉದಾಹರಣೆ ಹೆಸರುವಾಸಿ. ತಮಿಳಿನಲ್ಲಿ ಮೀನ್ ಅಂದರೆ ಮೀನೂ ಹೌದು, ನಕ್ಷತ್ರವೂ ಹೌದು, ನಮ್ಮ ‘ಮಿನುಗು’ ನೆನಪಿಸಿಕೊಳ್ಳಿ. ಹೆರಾಸ್ ಪಾದ್ರಿಗಳು ತೆಗೆದ ಈ ಎಳೆಯನ್ನು ಫಿನ್‌ಲೆಂಡಿನ ಆಸ್ಕೊ ಪಾರ್ಪೊಲಾ ಬೆಳೆಸಿದರು. ಚೆಂದದ ಊಹೆ, ಇನ್ನೂ ಊಹೆಯೇ. ಇನ್ನೊಂದು ತುದಿಯಲ್ಲಿ, ಇದು ಭಾಷೆಯ ಲಿಪಿಯೇ ಅಲ್ಲ ಅಂತ 2004ರಲ್ಲಿ ಮೂವರು ವಿದ್ವಾಂಸರು ವಾದಿಸಿದರು. ಚಿಹ್ನೆಗಳ ಕ್ರಮ ಭಾಷೆಯದನ್ನೇ ಹೋಲುತ್ತದೆ ಅಂತ 2009ರಲ್ಲಿ ಗಣಿತದ ಲೆಕ್ಕ ಬಂತು. 2025ರ ಜನವರಿಯಲ್ಲಿ ತಮಿಳುನಾಡು ಮುಖ್ಯಮಂತ್ರಿ ಸ್ಟಾಲಿನ್ ಓದಿದವರಿಗೆ 10 ಲಕ್ಷ ಡಾಲರ್ ಬಹುಮಾನ ಘೋಷಿಸಿದರು.

ನಿಮ್ಮ ಓದನ್ನು ನನಗೆ ಕಳಿಸುವ ಮೊದಲು ಒಂದು ಪರೀಕ್ಷೆ. ನಿಮ್ಮ ಕೀಲಿಯನ್ನು ಮೊದಲೇ ಬರೆದು ಮುಚ್ಚಿಡಿ. ನೀವು ಈವರೆಗೆ ನೋಡಿರದ 20 ಬರಹಗಳನ್ನು ಗೆಳೆಯರೊಬ್ಬರ ಕೈಗೆ ಕೊಟ್ಟು ಅದೇ ಕೀಲಿಯಿಂದ ಓದಿಸಿ. ಕೀಲಿಯನ್ನು ತಿದ್ದದೆ ಅರ್ಥ ಬಂದರೆ ಖಂಡಿತ ಕಳಿಸಿ.

ಕರ್ನಾಟಕದಲ್ಲಿ ಇಂಥ ಮುದ್ರೆ ಸಿಕ್ಕಿದೆಯೇ?

ಹರಪ್ಪದವರ ಊರುಗಳೇ ಇಲ್ಲಿಯವರೆಗೆ ಬರಲಿಲ್ಲ. ದಕ್ಷಿಣದ ಅಂಚು ಅಂತ ಹೇಳುವುದು ಮಹಾರಾಷ್ಟ್ರದ ದೈಮಾಬಾದನ್ನು, ಅದೂ ಕೊನೆಗಾಲದ್ದು. ಅದೇ ಹೊತ್ತಿಗೆ ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಜನ ದನ ಮೇಯಿಸಿಕೊಂಡು, ಸಗಣಿ ರಾಶಿ ಸುಟ್ಟು ಬೂದಿಗುಡ್ಡ ಎಬ್ಬಿಸುತ್ತಿದ್ದರು. ಕುಪ್ಗಲ್ಲಿನ ಹಿರೇಗುಡ್ಡದ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಗೂಳಿಗಳನ್ನು ಕುಟ್ಟಿ ಮೂಡಿಸಿದ್ದಾರೆ. ಅಲ್ಲಿ ಬೆರಳಗಲದ ಕಲ್ಲು, ಇಲ್ಲಿ ಬೆಟ್ಟದಷ್ಟು ಬಂಡೆ. ಸಾಲುಸಾಲು ಗೂಳಿಯೇ. ಮುದ್ರೆ ಬೇಕಾಗುವಷ್ಟು ಉಗ್ರಾಣ, ಲೆಕ್ಕಪತ್ರ ಇವರಿಗಿರಲಿಲ್ಲ.

ಒಬ್ಬರು ಅಸಲಿ ಹರಪ್ಪ ಮುದ್ರೆ ಇದೆ ಅಂತ ಫೋಟೋ ಕಳಿಸಿದ್ದಾರೆ. ಕೊಳ್ಳಲಾ?

ಬೇಡ. ನಕಲಿಯಾದರೆ ದುಡ್ಡು ಹೋಯಿತು, ಅಸಲಿಯಾದರೆ ಇನ್ನೂ ಕಷ್ಟ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಇಂಥವನ್ನು ಮಾರುವ ಹಾಗಿಲ್ಲ, ಖಾಸಗಿಯವರು ದೇಶದಾಚೆ ಕಳಿಸುವ ಹಾಗೂ ಇಲ್ಲ. ನನಗೆ ಬಂದ ಅಂಥ ಫೋಟೋಗಳಲ್ಲಿ ಒಂದರಲ್ಲೂ ಹಿಂಬದಿ ತೋರಿಸಿರಲಿಲ್ಲ. ಕೇಳಿದಾಗ ಒಬ್ಬರು ತೋರಿಸಿದರು. ಸಪಾಟು, ಮೇಲೆ ಬೂಟ್ ಪಾಲಿಶಿನ ಹೊಳಪು. ನೋಡುವ ಆಸೆಯಿದ್ದರೆ ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯಕ್ಕೋ ಲೋಥಲ್, ಧೋಲಾವೀರದ ಸಂಗ್ರಹಾಲಯಗಳಿಗೋ ಹೋಗಿ. ಗಾಜಿನ ಮುಂದೆ ನೆಟ್ಟಗೆ ನಿಲ್ಲಬೇಡಿ, ತುಸು ಪಕ್ಕಕ್ಕೆ ಬಾಗಿ. ಓರೆ ಬೆಳಕಿನಲ್ಲಿ ಗೆರೆಗಳು ಎದ್ದು ಬರುತ್ತವೆ.

ಆಮೇಲೆ ಏನಾಯ್ತು? ಯಾಕೆ ನಿಲ್ಲಿಸಿಬಿಟ್ಟರು?

ಕ್ರಿ.ಪೂ. 1900ರ ಸುಮಾರಿಗೆ ದೊಡ್ಡ ಊರುಗಳು ಖಾಲಿಯಾದವು. ದೂರದ ವ್ಯಾಪಾರ ತಗ್ಗಿತು, ತೂಕದ ಕಲ್ಲುಗಳು ಮಾಯವಾದವು, ಚೌಕ ಮುದ್ರೆಯೂ ಬರಹವೂ ಜೊತೆಗೇ ಹೋದವು. ಸಿಂಧ್ ಕಡೆ ಆಮೇಲೂ ದುಂಡು ಮುದ್ರೆ ಮಾಡಿದರು, ಬರಹವಿಲ್ಲದೆ. ಅದರಲ್ಲಿ ಹೆಚ್ಚಾಗಿ ಬರೀ ಗೆರೆ, ಚುಕ್ಕೆ.

ಮುದ್ರೆಯ ಯಜಮಾನ ಸತ್ತರೆ ಅದನ್ನೂ ಅವನ ಜೊತೆ ಹೂಳುತ್ತಿದ್ದರಾ?

ಐದನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದು. ಈ ಪಟ್ಟಿಯಲ್ಲಿ ನನಗೆ ಅಚ್ಚುಮೆಚ್ಚಿನ ಪ್ರಶ್ನೆ. ಹರಪ್ಪದ ಸಮಾಧಿಗಳಲ್ಲಿ ಮಡಕೆಗಳಿವೆ, ಮಣಿಸರ, ಶಂಖದ ಬಳೆ, ತಾಮ್ರದ ಕನ್ನಡಿ ಕೂಡ ಇವೆ. ಈ ಬಗೆಯ ಮುದ್ರೆಗಳು ಸಿಗುವುದು ಅಲ್ಲಲ್ಲ, ಮನೆಯ ನೆಲದಲ್ಲಿ, ಬೀದಿಯಲ್ಲಿ, ಚರಂಡಿಯಲ್ಲಿ, ಕಸದ ರಾಶಿಯಲ್ಲಿ. ಹಾಗಾದರೆ ಅದು ಮೈಮೇಲಿನ ಒಡವೆಯ ಸಾಲಿಗೆ ಸೇರಿದ್ದಲ್ಲ, ಕೆಲಸದ ಸಾಲಿಗೆ ಸೇರಿದ್ದು ಅಂತ ಅವಳಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, “ನಮ್ಮ ತಾತ ಹೋದಾಗ ಅಂಗಡಿಯ ಠಸ್ಸೆ ಗಲ್ಲಾಪೆಟ್ಟಿಗೆಯಲ್ಲೇ ಇತ್ತು ಮೇಡಂ, ಈಗ ಅಪ್ಪ ಅದನ್ನೇ ಒತ್ತುತ್ತಾರೆ” ಅಂದಳು.